ಕಾನ್‌ಸ್ಟೆನ್ಸ್ ಗಾರ್ನೆಟ್: ರಷ್ಯನ್ ಭಾಷಾಕಲಿಕೆಯ ಪ್ರೇರಣೆ ಮತ್ತು ಸವಾಲುಗಳು

ಪೀಠಿಕೆ

ರಷ್ಯನ್ ಸಾಹಿತ್ಯವು ಕನ್ನಡದ ಓದುಗರಿಗೆ ಅಪರಿಚಿತವಾದುದಲ್ಲ. ಟಾಲ್‌ಸ್ಟಾಯ್, ದಾಸ್ತೋವ್‌ಸ್ಕಿ, ತುರ್ಗೆನೆವ್, ಚೆಕಾವ್ ಮೊದಲಾದವರ ಹೆಸರುಗಳು ನಮ್ಮ ಸಾಹಿತ್ಯ ಚರ್ಚೆಯಲ್ಲಿ ಬಹುಕಾಲದಿಂದ ಬೆರೆತುಹೋಗಿವೆ. ಮಾಸ್ತಿಯವರು ಟಾಲ್‌ಸ್ಟಾಯ್ ಅವರ ಬದುಕನ್ನೇ ವಸ್ತುವಾಗಿಸಿಕೊಂಡು ಕಥೆಯೊಂದನ್ನು ರಚಿಸಿದರು. ದೇ. ಜವರೇಗೌಡರು ಟಾಲ್‌ಸ್ಟಾಯ್ ಅವರ ಬೃಹತ್ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಈಚಿನ ವರ್ಷಗಳಲ್ಲಿ ಓ.ಎಲ್. ನಾಗಭೂಷಣ ಸ್ವಾಮಿಯವರು ಆ ಕೆಲಸವನ್ನು ಹೊಸದಾಗಿ ಮುಂದುವರಿಸಿದ್ದಾರೆ. ಆದರೆ ಈ ಸಂಬಂಧವು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಏರ್ಪಟ್ಟದ್ದು ಎಂಬುದನ್ನು ನಾವು ಮರೆಯುವಂತಿಲ್ಲ. ಕನ್ನಡದ ಓದುಗನಿಗೂ ರಷ್ಯನ್ ಲೇಖಕನಿಗೂ ನಡುವೆ ಒಬ್ಬ ಇಂಗ್ಲಿಷ್ ಅನುವಾದಕ ಸದಾ ನಿಂತಿರುತ್ತಾನೆ. ಆ ಅನುವಾದಕ ರಷ್ಯನ್ ಭಾಷೆಯನ್ನು ಏಕೆ ಕಲಿತ, ಹೇಗೆ ಕಲಿತ, ಎಷ್ಟರಮಟ್ಟಿಗೆ ಕಲಿತ ಎಂಬ ಪ್ರಶ್ನೆಗಳನ್ನು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ.

ಇಂಗ್ಲಿಷ್ ಬಲ್ಲ ಲೋಕಕ್ಕೆ ರಷ್ಯನ್ ಗದ್ಯವನ್ನು ಪರಿಚಯಿಸಿದವರಲ್ಲಿ ಅಗ್ರಗಣ್ಯರು ಕಾನ್‌ಸ್ಟೆನ್ಸ್ ಗಾರ್ನೆಟ್ (೧೮೬೧-೧೯೪೬). ಸುಮಾರು ನಾಲ್ಕು ದಶಕಗಳ ಅವಧಿಯಲ್ಲಿ ಎಪ್ಪತ್ತು ಸಂಪುಟಗಳಷ್ಟು ರಷ್ಯನ್ ಸಾಹಿತ್ಯವನ್ನು ಅವರು ಅನುವಾದಿಸಿದರು. ಇಷ್ಟು ದೊಡ್ಡ ಕಾರ್ಯವನ್ನು ಮಾಡಿದ ವ್ಯಕ್ತಿ ರಷ್ಯನ್ ಲಿಪಿಯನ್ನು ಕಲಿಯತೊಡಗಿದ್ದು ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಅವರ ಜೀವನವನ್ನು ಭಾಷಾಕಲಿಕೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಲಿಕೆಯ ಪ್ರೇರಣೆಯೇ ಕಲಿಕೆಯ ಸ್ವರೂಪವನ್ನು ನಿರ್ಧರಿಸುತ್ತದೆ, ಆ ಸ್ವರೂಪವು ಅನುವಾದದ ಗುಣಕ್ಕೂ ಮಿತಿಗೂ ಕಾರಣವಾಗುತ್ತದೆ ಎಂಬ ವಿಚಾರವನ್ನು ಇಲ್ಲಿ ಮಂಡಿಸಲಾಗಿದೆ.

ಹಿನ್ನೆಲೆ ಮತ್ತು ವಿದ್ಯಾಭ್ಯಾಸ

ಕಾನ್‌ಸ್ಟೆನ್ಸ್ ಕ್ಲಾರಾ ಬ್ಲ್ಯಾಕ್ ೧೮೬೧ರ ಡಿಸೆಂಬರ್ ೧೯ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಪಟ್ಟಣದಲ್ಲಿ ಜನಿಸಿದರು. ತಂದೆ ಡೇವಿಡ್ ಬ್ಲ್ಯಾಕ್ ವಕೀಲರು. ಎಂಟು ಮಕ್ಕಳ ಕುಟುಂಬದಲ್ಲಿ ಕಾನ್‌ಸ್ಟೆನ್ಸ್ ಆರನೆಯವರು. ಬಾಲ್ಯದಲ್ಲಿಯೇ ಕ್ಷಯರೋಗಕ್ಕೆ ತುತ್ತಾದ ಅವರನ್ನು ದೇಹದೌರ್ಬಲ್ಯ ಮತ್ತು ದೃಷ್ಟಿದೋಷಗಳು ಕೊನೆಯವರೆಗೂ ಕಾಡಿದವು. ತಂದೆ ಪಾರ್ಶ್ವವಾಯುವಿಗೆ ಗುರಿಯಾದರು. ೧೮೭೫ರಲ್ಲಿ ತಾಯಿ ತೀರಿಕೊಂಡರು. ಇಂತಹ ಮನೆಯಲ್ಲಿ ಬೆಳೆದ ಮಕ್ಕಳಿಗೆ ಓದು ಒಂದು ಆಸರೆಯಾಗಿತ್ತು. ಅಕ್ಕ ಕ್ಲೆಮೆಂಟಿನಾ ಬ್ಲ್ಯಾಕ್ ಮುಂದೆ ಕಾದಂಬರಿಗಾರ್ತಿಯಾಗಿಯೂ ದುಡಿಯುವ ಮಹಿಳೆಯರ ಹಕ್ಕುಗಳಿಗಾಗಿ ಹೋರಾಡಿದವರಾಗಿಯೂ ಹೆಸರಾದರು.

ವಿದ್ಯಾರ್ಥಿವೇತನ ಪಡೆದು ೧೮೭೯ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಂ ಕಾಲೇಜನ್ನು ಸೇರಿದ ಕಾನ್‌ಸ್ಟೆನ್ಸ್ ಅಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಅಭ್ಯಾಸಮಾಡಿದರು. ೧೮೮೩ರ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರೂ ಅವರಿಗೆ ಪದವಿ ದೊರೆಯಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯವು ಮಹಿಳೆಯರಿಗೆ ಪೂರ್ಣ ಪದವಿ ನೀಡತೊಡಗಿದ್ದು ೧೯೪೮ರಲ್ಲಿ, ಅಂದರೆ ಅವರ ಮರಣಾನಂತರ. ಈ ಶಿಕ್ಷಣದ ಎರಡು ಪರಿಣಾಮಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು, ವಿಭಕ್ತಿ, ಲಿಂಗ, ವಚನಗಳಿಂದ ಕೂಡಿದ ಪದರೂಪಗಳ ವ್ಯವಸ್ಥೆಯನ್ನು ಪುಸ್ತಕದಿಂದ ಗ್ರಹಿಸುವ ಶಿಸ್ತು ಅವರಿಗೆ ದೊರೆಯಿತು. ಎರಡನೆಯದು, ಭಾಷೆಯೆಂದರೆ ಓದಿ ಅರ್ಥೈಸಿ ತನ್ನ ನುಡಿಗೆ ತರಬೇಕಾದ ಪಠ್ಯ ಎಂಬ ಧೋರಣೆ ಅವರಲ್ಲಿ ನೆಲೆಯೂರಿತು. ಮಾತನಾಡುವವರಿಲ್ಲದ ಭಾಷೆಗಳನ್ನು ಕಲಿತವರ ಮನೋಧರ್ಮವಿದು. ಜೀವಂತ ಭಾಷೆಯಾದ ರಷ್ಯನ್ನಿನತ್ತ ಹೊರಳಿದಾಗಲೂ ಈ ಮನೋಧರ್ಮ ಅವರೊಂದಿಗೆ ಬಂದಿತು.

ಕೇಂಬ್ರಿಜ್ ಬಿಟ್ಟ ನಂತರ ಮಕ್ಕಳಿಗೆ ಪಾಠ ಹೇಳಿದ ಕಾನ್‌ಸ್ಟೆನ್ಸ್, ಆಮೇಲೆ ಲಂಡನ್ನಿನ ಬಡವರು ವಾಸಿಸುವ ಪೂರ್ವಭಾಗದಲ್ಲಿ ಪೀಪಲ್ಸ್ ಪ್ಯಾಲೇಸ್ ಸಂಸ್ಥೆಯ ಗ್ರಂಥಪಾಲಕಿಯಾಗಿ ದುಡಿದರು. ಸಮಾಜವಾದಿ ಚಿಂತನೆಯ ಫೇಬಿಯನ್ ಸೊಸೈಟಿಯ ಒಡನಾಟವೂ ಅವರಿಗಿತ್ತು. ೧೮೮೯ರಲ್ಲಿ ಎಡ್ವರ್ಡ್ ಗಾರ್ನೆಟ್ ಅವರನ್ನು ವಿವಾಹವಾದರು. ಪ್ರಕಾಶಕರ ಪರವಾಗಿ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ನೀಡುವುದು ಎಡ್ವರ್ಡ್ ಅವರ ವೃತ್ತಿ. ಜೋಸೆಫ್ ಕಾನ್ರಾಡ್, ಡಿ.ಎಚ್. ಲಾರೆನ್ಸ್ ಮೊದಲಾದವರ ಬೆಳವಣಿಗೆಯಲ್ಲಿ ಎಡ್ವರ್ಡ್ ವಹಿಸಿದ ಪಾತ್ರ ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ ಸುಪರಿಚಿತ.

ರಷ್ಯನ್ ಕಲಿಕೆಯ ಪ್ರೇರಣೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ರಷ್ಯನ್ ಬಲ್ಲವರು ವಿರಳವಾಗಿದ್ದರು. ವಿದ್ಯಾವಂತ ಇಂಗ್ಲಿಷರು ಕಲಿಯುತ್ತಿದ್ದ ಭಾಷೆಗಳು ಫ್ರೆಂಚ್, ಜರ್ಮನ್, ಇಟಾಲಿಯನ್‌ಗಳು. ರಷ್ಯನ್ ಕಾದಂಬರಿಗಳಲ್ಲಿ ಅನೇಕವು ಫ್ರೆಂಚ್ ಅನುವಾದಗಳ ಮೂಲಕವೇ ಇಂಗ್ಲಿಷಿಗೆ ಬರುತ್ತಿದ್ದವು. ಆಕ್ಸ್‌ಫರ್ಡಿನಲ್ಲಿ ಡಬ್ಲ್ಯು.ಆರ್. ಮಾರ್ಫಿಲ್ ರಷ್ಯನ್ ಬೋಧಿಸುತ್ತಿದ್ದರು. ಅವರ ರಷ್ಯನ್ ವ್ಯಾಕರಣ ೧೮೮೯ರಲ್ಲಿ ಪ್ರಕಟವಾಯಿತು. ಇದನ್ನು ಬಿಟ್ಟರೆ ವ್ಯವಸ್ಥಿತ ಬೋಧನೆಯ ಅವಕಾಶಗಳು ಬಹಳ ಕಡಿಮೆ. ಹೀಗಿರುವಾಗ ಹಳ್ಳಿಯಲ್ಲಿ ನೆಲೆಸಿದ್ದ ಗರ್ಭಿಣಿಯೊಬ್ಬರು ಈ ಭಾಷೆಗೆ ಕೈಹಾಕಿದ್ದು ಹೇಗೆಂಬುದು ಕುತೂಹಲಕರ.

ಇದಕ್ಕೆ ಕಾರಣರಾದವರು ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ರಷ್ಯನ್ ಕ್ರಾಂತಿಕಾರಿಗಳು. ತ್ಸಾರ್ ಪ್ರಭುತ್ವದಿಂದ ಸೈಬೀರಿಯಾಕ್ಕೆ ಗಡೀಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು ೧೮೯೦ರಲ್ಲಿ ಇಂಗ್ಲೆಂಡಿಗೆ ಬಂದ ಫೆಲಿಕ್ಸ್ ವೊಲ್ಕೊವ್‌ಸ್ಕಿ ಅವರ ಪರಿಚಯ ಎಡ್ವರ್ಡ್ ಮೂಲಕ ಕಾನ್‌ಸ್ಟೆನ್ಸ್‌ಗೆ ಆಯಿತು. ೧೮೯೧ರಲ್ಲಿ, ಗರ್ಭಾವಸ್ಥೆಯ ಆಯಾಸದಿಂದ ಮನೆಯಲ್ಲಿಯೇ ಉಳಿಯಬೇಕಾಗಿದ್ದ ಅವರಿಗೆ ರಷ್ಯನ್ ಕಲಿಯುವಂತೆ ಪ್ರೋತ್ಸಾಹಿಸಿದವರು ವೊಲ್ಕೊವ್‌ಸ್ಕಿ. ೧೮೯೨ರ ಮಾರ್ಚ್‌ನಲ್ಲಿ ಮಗ ಡೇವಿಡ್ ಹುಟ್ಟುವ ಹೊತ್ತಿಗೆ ಕಾನ್‌ಸ್ಟೆನ್ಸ್ ಆ ಭಾಷೆಯಲ್ಲಿ ಸಾಕಷ್ಟು ಮುಂದುವರಿದಿದ್ದರು.

ವೊಲ್ಕೊವ್‌ಸ್ಕಿ ಅವರಿಂದ ಪರಿಚಿತರಾದ ಇನ್ನೊಬ್ಬರು ಸೆರ್ಗೆಯ್ ಸ್ಟೆಪ್‌ನ್ಯಾಕ್. ೧೮೭೮ರಲ್ಲಿ ಪೀಟರ್ಸ್‌ಬರ್ಗಿನ ಬೀದಿಯಲ್ಲಿ ರಹಸ್ಯ ಪೊಲೀಸ್ ಪಡೆಯ ಮುಖ್ಯಸ್ಥ ಮೆಜೆಂತ್ಸೊವ್‌ನನ್ನು ಇರಿದು ಕೊಂದು ದೇಶ ಬಿಟ್ಟವರು ಇವರು. ಕಾನ್‌ಸ್ಟೆನ್ಸ್‌ರ ಮೊದಲ ಅನುವಾದಗಳನ್ನು ನೋಡಿ, ಅದನ್ನೇ ಜೀವನದ ಕೆಲಸವಾಗಿ ಕೈಗೊಳ್ಳುವಂತೆ ಹುರಿದುಂಬಿಸಿದವರು ಸ್ಟೆಪ್‌ನ್ಯಾಕ್. ತಿದ್ದುಪಡಿಯಲ್ಲಿ ಅವರೂ ಅವರ ಪತ್ನಿ ಫ್ಯಾನಿಯೂ ನೆರವಾದರು. ತುರ್ಗೆನೆವ್ ಸಂಪುಟಗಳಿಗೆ ಮುನ್ನುಡಿ ಬರೆಯಲು ತೊಡಗಿದವರೂ ಸ್ಟೆಪ್‌ನ್ಯಾಕ್ ಅವರೇ. ೧೮೯೫ರ ಡಿಸೆಂಬರಿನಲ್ಲಿ ಲಂಡನ್ ಸಮೀಪ ರೈಲು ಹಳಿ ದಾಟುವಾಗ ಅವರು ಮೃತರಾದುದು ಕಾನ್‌ಸ್ಟೆನ್ಸ್‌ರಿಗೆ ಗುರುವನ್ನೂ ಗೆಳೆಯನನ್ನೂ ಒಟ್ಟಿಗೆ ಕಳೆದುಕೊಂಡಂತಹ ಆಘಾತವಾಯಿತು.

ಈ ವಿವರಗಳಿಂದ ತಿಳಿದುಬರುವ ಸಂಗತಿಯೆಂದರೆ, ಕಾನ್‌ಸ್ಟೆನ್ಸ್‌ರ ಪ್ರೇರಣೆ ವ್ಯಾಪಾರ, ರಾಜತಾಂತ್ರಿಕ ಹುದ್ದೆ ಅಥವಾ ಪರೀಕ್ಷೆಗಳಂತಹ ವ್ಯಾವಹಾರಿಕ ನೆಲೆಯದಾಗಿರಲಿಲ್ಲ. ದೇಶಭ್ರಷ್ಟರ ಬದುಕಿನ ಬಗೆಗಿನ ಸಹಾನುಭೂತಿ, ಬೌದ್ಧಿಕ ಹಸಿವು ಮತ್ತು ಮನೆಯೊಳಗಿದ್ದುಕೊಂಡೇ ಸ್ವಂತ ದುಡಿಮೆಯೊಂದನ್ನು ಕಂಡುಕೊಳ್ಳುವ ಅಗತ್ಯ, ಈ ಮೂರೂ ಇಲ್ಲಿ ಕೂಡಿಕೊಂಡಿವೆ. ಕಲಿತ ವಿದ್ಯೆಗೆ ಪದವಿಯ ಮನ್ನಣೆಯನ್ನೂ ಕೊಡದ ಸಮಾಜದಲ್ಲಿ, ಪುರುಷ ವಿದ್ವಾಂಸರು ಅಷ್ಟಾಗಿ ಕಾಲಿಡದ ಕ್ಷೇತ್ರವೊಂದು ಮಹಿಳೆಗೆ ತೆರೆದ ಬಾಗಿಲಾಗಿ ಒದಗಿತು ಎಂದು ಹೇಳಬಹುದು.

ಕಲಿಕೆಯ ಸವಾಲುಗಳು

ಇಂಗ್ಲಿಷ್ ಮಾತೃಭಾಷೆಯವರಿಗೆ ರಷ್ಯನ್ ಒಡ್ಡುವ ತೊಡಕುಗಳಲ್ಲಿ ಲಿಪಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವಂಥದು. ಆದರೆ ಎಲ್ಲಕ್ಕಿಂತ ಬೇಗ ನಿವಾರಣೆಯಾಗುವುದೂ ಅದೇ. ಕಾನ್‌ಸ್ಟೆನ್ಸ್ ಕಲಿತದ್ದು ೧೯೧೮ರ ಲಿಪಿಸುಧಾರಣೆಗೆ ಮುಂಚಿನ ಬರಹ. ಸುಧಾರಣೆಯಲ್ಲಿ ಕೈಬಿಟ್ಟ ಕೆಲವು ಅಕ್ಷರಗಳನ್ನೂ ಅವರು ಗುರುತಿಸಬೇಕಾಗಿತ್ತು. ಗ್ರೀಕ್ ಬಲ್ಲವರಾದ್ದರಿಂದ ಅದೇ ಮೂಲದಿಂದ ರೂಪುಗೊಂಡ ಲಿಪಿ ಅವರಿಗೆ ಪೂರ್ತಿ ಹೊಸದೆನಿಸಿರಲಾರದು.

ಎರಡನೆಯದು ವಿಭಕ್ತಿ ವ್ಯವಸ್ಥೆ. ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ. ಲಿಂಗ ಮೂರು. ನಾಮಪದದೊಂದಿಗೆ ಗುಣವಾಚಕವೂ ರೂಪ ಬದಲಿಸುತ್ತದೆ. ಇಲ್ಲಿಯೂ ಗ್ರೀಕ್ ಮತ್ತು ಲ್ಯಾಟಿನ್ ಅಭ್ಯಾಸ ಅವರ ನೆರವಿಗೆ ಬಂದಿತು. ಮೂರನೆಯದು ಹಾಗೂ ನಿಜವಾಗಿ ಕಠಿಣವಾದುದು ಕ್ರಿಯಾಪದದ ವ್ಯವಸ್ಥೆ. ರಷ್ಯನ್ ಕ್ರಿಯಾಪದಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ. ನಡೆಯುತ್ತಿರುವ ಅಥವಾ ಮರುಕಳಿಸುವ ಕ್ರಿಯೆಗೆ ಒಂದು ರೂಪ, ಪೂರ್ಣಗೊಂಡ ಕ್ರಿಯೆಗೆ ಮತ್ತೊಂದು. 'ಚಿತಾತ್' ಎಂದರೆ ಓದುವುದು. 'ಪ್ರೊಚಿತಾತ್' ಎಂದರೆ ಓದಿ ಮುಗಿಸುವುದು. ಚಲನೆಯನ್ನು ಸೂಚಿಸುವ ಕ್ರಿಯಾಪದಗಳಲ್ಲಿ ನಡೆದು ಹೋಗುವುದಕ್ಕೂ ವಾಹನದಲ್ಲಿ ಹೋಗುವುದಕ್ಕೂ ಬೇರೆ ಬೇರೆ ಪದಗಳಿವೆ. ಇವುಗಳ ಮುಂದೆ ಸೇರುವ ಉಪಸರ್ಗಗಳು ಅರ್ಥವನ್ನು ಮತ್ತಷ್ಟು ಸೂಕ್ಷ್ಮವಾಗಿಸುತ್ತವೆ. ಪ್ರಾಚೀನ ಭಾಷೆಗಳ ಪಾಂಡಿತ್ಯ ಇಲ್ಲಿ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ.

ನಾಲ್ಕನೆಯದು ಪದಾಘಾತ. ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೆಂಬುದನ್ನು ಮುದ್ರಿತ ಪುಟ ತೋರಿಸುವುದಿಲ್ಲ. ಒಂದೇ ಪದದ ಬೇರೆ ಬೇರೆ ರೂಪಗಳಲ್ಲಿ ಅದು ಸ್ಥಾನ ಬದಲಿಸುತ್ತದೆ. ಇದನ್ನು ಕಿವಿಯಿಂದಲೇ ಕಲಿಯಬೇಕು. ಐದನೆಯದು ಸಂಬೋಧನೆ. ಹೆಸರಿನೊಂದಿಗೆ ತಂದೆಯ ಹೆಸರಿನಿಂದಾದ ರೂಪವನ್ನು ಸೇರಿಸಿ ಕರೆಯುವುದು ಗೌರವಸೂಚಕ. ಸಲಿಗೆಯಲ್ಲಿ ಅದೇ ಹೆಸರು ಹಲವು ಮುದ್ದಿನ ರೂಪಗಳನ್ನು ತಾಳುತ್ತದೆ. ಒಬ್ಬನೇ ಪಾತ್ರ ಹಲವು ಹೆಸರುಗಳಿಂದ ಕಾಣಿಸಿಕೊಳ್ಳುವಾಗ ಓದುಗ ಗೊಂದಲಕ್ಕೊಳಗಾಗುತ್ತಾನೆ. ಈ ಹೆಸರುಗಳ ಹಿಂದೆ ಒಂದು ಸಮಾಜದ ಅಂತಸ್ತು, ವಾತ್ಸಲ್ಯ, ತಿರಸ್ಕಾರಗಳ ನಕಾಶೆಯೇ ಅಡಗಿದೆ.

ಇವುಗಳಲ್ಲಿ ಮೊದಲ ಮೂರು ತೊಡಕುಗಳನ್ನು ವ್ಯಾಕರಣ, ನಿಘಂಟು ಮತ್ತು ಪರಿಶ್ರಮಗಳಿಂದ ಎದುರಿಸಬಹುದು. ಉಳಿದೆರಡು ಆ ಭಾಷಾಸಮುದಾಯದ ಮಧ್ಯೆ ಬದುಕುವುದನ್ನು ಬಯಸುತ್ತವೆ. ಕಾನ್‌ಸ್ಟೆನ್ಸ್‌ರಿಗೆ ಅಂತಹ ಸಮುದಾಯವಾಗಿ ದೊರೆತದ್ದು ಲಂಡನ್ನಿನ ಕೆಲವು ದೇಶಭ್ರಷ್ಟರ ಮನೆಗಳು ಮಾತ್ರ.

ರಷ್ಯಾ ಪ್ರವಾಸ ಮತ್ತು ಅನುವಾದದ ದಶಕಗಳು

೧೮೯೪ರ ಆರಂಭದ ಚಳಿಗಾಲದಲ್ಲಿ, ಎರಡು ವರ್ಷವೂ ತುಂಬದ ಮಗನನ್ನು ಬಿಟ್ಟು ಕಾನ್‌ಸ್ಟೆನ್ಸ್ ಒಬ್ಬರೇ ರಷ್ಯಾಕ್ಕೆ ಹೊರಟರು. ಪೀಟರ್ಸ್‌ಬರ್ಗ್, ಮಾಸ್ಕೋಗಳನ್ನು ನೋಡಿದರು. ಟಾಲ್‌ಸ್ಟಾಯ್ ಅವರನ್ನು ಭೇಟಿಯಾದರು. ಅದೇ ವರ್ಷ ಗೊಂಚರೋವ್ ಅವರ ಕಾದಂಬರಿಯೊಂದರ ಹಾಗೂ ಟಾಲ್‌ಸ್ಟಾಯ್ ಅವರ 'ದೇವರ ರಾಜ್ಯ ನಿಮ್ಮೊಳಗೇ ಇದೆ' ಎಂಬ ಕೃತಿಯ ಅನುವಾದಗಳು ಪ್ರಕಟವಾದವು. ೧೯೦೪ರಲ್ಲಿ ಮಗನೊಂದಿಗೆ ಎರಡನೆಯ ಬಾರಿ ರಷ್ಯಾಕ್ಕೆ ಹೋದರು. ರಷ್ಯಾದಲ್ಲಿ ಅವರು ಕಳೆದ ಕಾಲ ಈ ಎರಡು ಪ್ರವಾಸಗಳಿಗೆ ಸೀಮಿತ.

ಟಾಲ್‌ಸ್ಟಾಯ್ ಅವರ ಇನ್ನಿಬ್ಬರು ಪ್ರಮುಖ ಅನುವಾದಕರಾದ ಲೂಯಿಸ್ ಮಾಡ್ ಮತ್ತು ಎಲ್ಮರ್ ಮಾಡ್ ದಂಪತಿಗಳನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಲೂಯಿಸ್ ಹುಟ್ಟಿದ್ದು ಮಾಸ್ಕೋದಲ್ಲಿ. ಎಲ್ಮರ್ ಹದಿಹರೆಯದಲ್ಲಿಯೇ ಅಲ್ಲಿಗೆ ಹೋಗಿ ವ್ಯಾಪಾರದಲ್ಲಿ ತೊಡಗಿ ಹಲವು ವರ್ಷ ನೆಲೆಸಿದ್ದವರು. ಅವರ ರಷ್ಯನ್ ಬೀದಿಯಲ್ಲಿ, ಮನೆಯಲ್ಲಿ ಬಳಸಿ ಬಂದದ್ದು. ಗಾರ್ನೆಟ್ ಅವರದು ಮುಖ್ಯವಾಗಿ ಪುಟದಿಂದ ಬಂದದ್ದು. ಒಂದೇ ಭಾಷೆಯನ್ನು ಕಲಿಯುವ ಎರಡು ದಾರಿಗಳಿವು.

ಪುಟದ ದಾರಿಯಲ್ಲಿ ಗಾರ್ನೆಟ್ ಸಾಧಿಸಿದ್ದು ಮಾತ್ರ ಅಸಾಮಾನ್ಯ. ತುರ್ಗೆನೆವ್ ಅವರ ಕಥೆ-ಕಾದಂಬರಿಗಳು ೧೮೯೪ರಿಂದ ೧೮೯೯ರವರೆಗೆ ಹದಿನೈದು ಸಂಪುಟಗಳಲ್ಲಿ ಬಂದವು. 'ಅನ್ನಾ ಕರೆನಿನಾ' ೧೯೦೧ರಲ್ಲಿ, 'ಯುದ್ಧ ಮತ್ತು ಶಾಂತಿ' ೧೯೦೪ರಲ್ಲಿ ಪ್ರಕಟವಾದವು. ೧೯೧೨ರ 'ಕರಮಜೋವ್ ಸಹೋದರರು' ಕೃತಿಯಿಂದ ಮೊದಲ್ಗೊಂಡು ೧೯೨೦ರವರೆಗೆ ದಾಸ್ತೋವ್‌ಸ್ಕಿ ಅವರ ಹನ್ನೆರಡು ಸಂಪುಟಗಳು, ೧೯೧೬ರಿಂದ ೧೯೨೨ರವರೆಗೆ ಚೆಕಾವ್ ಕಥೆಗಳ ಹದಿಮೂರು ಸಂಪುಟಗಳು, ಅನಂತರ ಚೆಕಾವ್ ನಾಟಕಗಳು, ಗೊಗೊಲ್ ಕೃತಿಗಳು, ಹೆರ್ಜೆನ್ ಅವರ ಆತ್ಮಕಥನ ಹೀಗೆ ಈ ಸರಣಿ ಬೆಳೆಯಿತು.

'ಯುದ್ಧ ಮತ್ತು ಶಾಂತಿ'ಯ ಅನುವಾದ ಅವರ ದೃಷ್ಟಿಯನ್ನು ತೀವ್ರವಾಗಿ ಹಾನಿಗೊಳಿಸಿತು. ಅಲ್ಲಿಂದ ಮುಂದೆ ಅವರು ಬೇರೊಬ್ಬರಿಂದ ರಷ್ಯನ್ ಪಠ್ಯವನ್ನು ಗಟ್ಟಿಯಾಗಿ ಓದಿಸಿಕೊಂಡು, ಇಂಗ್ಲಿಷ್ ವಾಕ್ಯಗಳನ್ನು ಹೇಳಿ ಬರೆಯಿಸತೊಡಗಿದರು. ಕಾದಂಬರಿಕಾರ ಎರ್ತೆಲ್ ಅವರ ಮಗಳು ನಟಾಲಿ ಡಡಿಂಗ್ಟನ್ ಈ ಕಾರ್ಯದಲ್ಲಿ ಮುಖ್ಯ ಸಹಾಯಕರಾದರು. ಕಣ್ಣಿನಿಂದ ಕಲಿತ ಭಾಷೆಯನ್ನು ನಡುವಯಸ್ಸಿನಲ್ಲಿ ಕಿವಿಯಿಂದ ಕಲಿಯಬೇಕಾಗಿ ಬಂದ ಸ್ಥಿತಿಯಿದು. ದಾಸ್ತೋವ್‌ಸ್ಕಿ, ಚೆಕಾವ್‌ರ ಸಂಪುಟಗಳು ಸಿದ್ಧವಾದದ್ದು ಈ ಅವಧಿಯಲ್ಲಿ ಎಂಬುದು ಗಮನಾರ್ಹ. ೧೯೩೪ರ ಸುಮಾರಿಗೆ ಅನುವಾದದಿಂದ ನಿವೃತ್ತರಾದ ಗಾರ್ನೆಟ್, ೧೯೪೬ರ ಡಿಸೆಂಬರ್ ೧೭ರಂದು, ಎಂಬತ್ತೈದು ತುಂಬಲು ಎರಡು ದಿನಗಳಿರುವಾಗ, ತಮ್ಮ ಹಳ್ಳಿಮನೆಯಲ್ಲಿ ನಿಧನರಾದರು.

ಮನ್ನಣೆ ಮತ್ತು ಆಕ್ಷೇಪ

ಗಾರ್ನೆಟ್ ಅವರ ಅನುವಾದಗಳಿಂದ ಇಂಗ್ಲಿಷ್ ಕಥನ ಸಾಹಿತ್ಯದ ದಿಕ್ಕೇ ಬದಲಾಯಿತು ಎನ್ನುವುದು ಅತಿಶಯೋಕ್ತಿಯಲ್ಲ. ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ತಮ್ಮ ಪೀಳಿಗೆಯ ಪರವಾಗಿ ಅವರಿಗೆ ಕೃತಜ್ಞತೆಯ ಪತ್ರ ಬರೆದರು. ಕಾನ್ರಾಡ್ ಅವರಿಗೆ ತುರ್ಗೆನೆವ್ ಎಂದರೆ ಗಾರ್ನೆಟ್ ಅವರ ತುರ್ಗೆನೆವ್. ಹೆಮಿಂಗ್ವೆಯವರೂ ರಷ್ಯನ್ನರನ್ನು ಓದಿಕೊಂಡದ್ದು ಈ ಸಂಪುಟಗಳಲ್ಲಿ.

ಆಕ್ಷೇಪಗಳೂ ಅಷ್ಟೇ ತೀಕ್ಷ್ಣವಾಗಿವೆ. ಅನುವಾದ ಕಲೆಯ ಬಗ್ಗೆ ಬರೆದ ರಷ್ಯನ್ ವಿದ್ವಾಂಸ ಕೊರ್ನೆಯ್ ಚುಕೊವ್‌ಸ್ಕಿ, ದಾಸ್ತೋವ್‌ಸ್ಕಿ ಅವರ ಜ್ವರಪೀಡಿತ ಗದ್ಯ ಈ ಅನುವಾದದಲ್ಲಿ ತಣ್ಣಗಾಗಿದೆಯೆಂದು ದೂರಿದರು. ನಬೊಕೊವ್ ಅವರ ತಿರಸ್ಕಾರ ಪ್ರಸಿದ್ಧವಾದುದು. ಗಾರ್ನೆಟ್ ಅವರನ್ನು ಓದಿದವರಿಗೆ ಟಾಲ್‌ಸ್ಟಾಯ್ ಮತ್ತು ದಾಸ್ತೋವ್‌ಸ್ಕಿ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ ಎಂಬರ್ಥದ ಮಾತನ್ನು ಬ್ರಾಡ್‌ಸ್ಕಿ ಆಡಿದರು. ದಾಸ್ತೋವ್‌ಸ್ಕಿ ಅವರಲ್ಲಿ 'ಹಠಾತ್ತನೆ' ಎಂಬರ್ಥದ ಪದ ಮರಮರಳಿ ಬರುತ್ತದೆ. ಪಾತ್ರಗಳು ತೊದಲುತ್ತವೆ, ಹೇಳಿದ್ದನ್ನೇ ಹೇಳುತ್ತವೆ. ಇಂತಹ ಒರಟುತನವನ್ನು ಗಾರ್ನೆಟ್ ತಿದ್ದಿ ನಯಗೊಳಿಸಿದರು ಎಂಬುದು ಈ ಆಕ್ಷೇಪಗಳ ತಿರುಳು.

ಈ ಆಕ್ಷೇಪವನ್ನು ವೈಯಕ್ತಿಕ ದೋಷವೆಂದು ಮಾತ್ರ ನೋಡುವುದು ಸರಿಯಲ್ಲ. ತುರ್ಗೆನೆವ್ ಅವರ ಹದವಾದ ಸಾಹಿತ್ಯಕ ಗದ್ಯ ಪುಟದಿಂದ ಕಲಿತವರಿಗೆ ಒಲಿಯುವಂಥದು. ಅಲ್ಲಿ ಗಾರ್ನೆಟ್ ಯಶಸ್ವಿಯಾದರು. ದಾಸ್ತೋವ್‌ಸ್ಕಿ ಅವರ ಗದ್ಯವಾದರೋ ಮಾತಿನ ಲಯದ ಮೇಲೆ ನಿಂತದ್ದು. ಯಾವ ವಾಕ್ಯ ಬೇಕೆಂದೇ ಒರಟಾಗಿದೆ ಎಂಬುದು ಆ ಮಾತಿನ ನಡುವೆ ಬೆಳೆದ ಕಿವಿಗಷ್ಟೇ ಕೂಡಲೆ ಹೊಳೆಯುತ್ತದೆ. ಮನ್ನಣೆ ಪಡೆದ ಗುಣ ಮತ್ತು ಆಕ್ಷೇಪಕ್ಕೊಳಗಾದ ಮಿತಿ ಎರಡೂ ಒಂದೇ ಕಲಿಕಾಕ್ರಮದಿಂದ ಹುಟ್ಟಿದವು.

ಕನ್ನಡದ ಸಂದರ್ಭ

ಈ ಚರ್ಚೆ ಕನ್ನಡಕ್ಕೆ ಏಕೆ ಮುಖ್ಯವೆಂಬುದನ್ನು ಕೊನೆಯದಾಗಿ ನೋಡಬಹುದು. ಇಂಗ್ಲಿಷರಿಗೆ ರಷ್ಯನ್ನಿನಲ್ಲಿ ವಿಚಿತ್ರವಾಗಿ ಕಾಣುವ ಹಲವು ಲಕ್ಷಣಗಳು ಕನ್ನಡಿಗರಿಗೆ ಸಹಜವಾದವು. ರಷ್ಯನ್ನಿನಲ್ಲಿ ಇಂಗ್ಲಿಷಿನಂತೆ ನಾಮಪದದ ಹಿಂದೆ ಬರುವ ನಿರ್ದೇಶಕ ಗುಣವಾಚಕಗಳಿಲ್ಲ, ಕನ್ನಡದಲ್ಲಿಯೂ ಇಲ್ಲ. 'ಇದು ಮನೆ' ಎಂದು ಕನ್ನಡದಲ್ಲಿ ಕ್ರಿಯಾಪದವಿಲ್ಲದೆ ಹೇಳುವಂತೆಯೇ ರಷ್ಯನ್ನಿನಲ್ಲಿ 'ಎತೊ ದೋಮ್' ಎನ್ನುತ್ತಾರೆ. 'ನನಗೆ ಚಳಿ' ಎಂಬ ಚತುರ್ಥೀ ಪ್ರಯೋಗ ರಷ್ಯನ್ನಿನಲ್ಲಿ ಹಾಗೆಯೇ ಇದೆ. ಇಂಗ್ಲಿಷ್ ಅದನ್ನು ಪ್ರಥಮಾ ವಿಭಕ್ತಿಗೆ ತಿರುಗಿಸಿಕೊಳ್ಳಬೇಕು. ಇಂಗ್ಲಿಷಿನವರು ವಸ್ತುವನ್ನು ಹೊಂದಿರುತ್ತಾರೆ. ಕನ್ನಡದಲ್ಲಿಯೂ ರಷ್ಯನ್ನಿನಲ್ಲಿಯೂ ಅದು ನಮ್ಮ ಬಳಿ ಇರುತ್ತದೆ. ಇವು ವಂಶಸಂಬಂಧದಿಂದ ಬಂದ ಸಾಮ್ಯಗಳಲ್ಲ, ರಚನೆಯ ಸಾಮ್ಯಗಳು.

ಎಲ್ಲಕ್ಕಿಂತ ಮಿಗಿಲಾದುದು ನೀನು-ನೀವುಗಳ ಭೇದ. 'ಅನ್ನಾ ಕರೆನಿನಾ' ಕಾದಂಬರಿಯ ಎರಡನೆಯ ಭಾಗದಲ್ಲಿ ವ್ರಾನ್‌ಸ್ಕಿ ಅನ್ನಾಳೊಂದಿಗೆ ಫ್ರೆಂಚಿನಲ್ಲಿ ಮಾತನಾಡುತ್ತಾನೆ. ರಷ್ಯನ್ನಿನ ಬಹುವಚನ ಅವರ ನಡುವೆ ತೀರ ಶುಷ್ಕವಾಗುತ್ತದೆ, ಏಕವಚನ ಅಪಾಯಕರವಾದ ಸಲಿಗೆಯಾಗುತ್ತದೆ ಎಂಬುದು ಅದಕ್ಕೆ ಕಾರಣ. ಈ ಭೇದವನ್ನು ಕಳೆದುಕೊಂಡ ಇಂಗ್ಲಿಷಿನಲ್ಲಿ ಗಾರ್ನೆಟ್ ಅದನ್ನು ವ್ಯಾಕರಣದ ಪರಿಭಾಷೆಯಿಂದ ವಿವರಿಸಬೇಕಾಯಿತು. ಕನ್ನಡದ ಓದುಗನಿಗೆ ಇಲ್ಲಿ ವಿವರಣೆಯೇ ಬೇಕಿಲ್ಲ. ಎರಡು ಸರ್ವನಾಮಗಳು ಸಾಕು. ಆದರೆ ಕಾದಂಬರಿಯ ಉಳಿದ ಸಾವಿರಾರು ಸಂಭಾಷಣೆಗಳಲ್ಲಿ ಯಾರು ಯಾರನ್ನು ಏಕವಚನದಲ್ಲಿ ಕರೆದರು, ಯಾವ ಗಳಿಗೆಯಲ್ಲಿ ಬಹುವಚನಕ್ಕೆ ಜಾರಿದರು ಎಂಬುದನ್ನು ಇಂಗ್ಲಿಷ್ ಪಠ್ಯ ತಿಳಿಸುವುದಿಲ್ಲ. ಇಂಗ್ಲಿಷನ್ನು ಮಾತ್ರ ಅವಲಂಬಿಸುವ ಕನ್ನಡ ಅನುವಾದಕ ತನ್ನ ಊಹೆಯಿಂದ ಅದನ್ನು ಮರುಸೃಷ್ಟಿಸಬೇಕಾಗುತ್ತದೆ. ಎರಡೂ ತುದಿಗಳಲ್ಲಿ ಇರುವ ಗುಣವೊಂದು ನಡುವಣ ಭಾಷೆಯಲ್ಲಿ ಇಲ್ಲವಾಗುವ ಸ್ಥಿತಿಯಿದು.

ಸಮಾರೋಪ

ಕಾನ್‌ಸ್ಟೆನ್ಸ್ ಗಾರ್ನೆಟ್ ಅವರ ಜೀವನದಿಂದ ಎರಡು ನಿಷ್ಕರ್ಷೆಗಳಿಗೆ ಬರಬಹುದು. ಒಂದು, ವಯಸ್ಸು, ಅನಾರೋಗ್ಯ, ಬೋಧನಾ ಸೌಲಭ್ಯದ ಕೊರತೆ ಇವು ಯಾವುವೂ ಅನ್ಯಭಾಷಾ ಕಲಿಕೆಗೆ ಮೀರಲಾಗದ ಅಡ್ಡಿಗಳಲ್ಲ. ಆ ಭಾಷೆಯನ್ನಾಡುವ ಮನುಷ್ಯರ ಮೇಲಣ ಆಸ್ಥೆ ಕಲಿಕೆಯನ್ನು ಬಹುದೂರ ಒಯ್ಯಬಲ್ಲದು. ಎರಡು, ಓದಿಗಾಗಿ ಕಲಿತ ಭಾಷೆ ಓದನ್ನು ದಯಪಾಲಿಸುತ್ತದೆ. ಮಾತನ್ನು ಪೂರ್ತಿಯಾಗಿ ಕೊಡಲಾರದು. ಗಾರ್ನೆಟ್ ಅವರಿಗಿಂತ ಮೊದಲು ಇಂಗ್ಲಿಷಿನ ಓದುಗರು ಫ್ರೆಂಚಿನ ಮೂಲಕ ರಷ್ಯನ್ನರನ್ನು ಅರಿಯುತ್ತಿದ್ದರು. ಅವರು ಆ ಅವಲಂಬನೆಯನ್ನು ತಪ್ಪಿಸಿ ಮೂಲಕ್ಕೆ ಹೋದರು. ಕನ್ನಡದಲ್ಲಿ ಆ ಕೆಲಸ ಇನ್ನೂ ಬಹುಮಟ್ಟಿಗೆ ಆಗಬೇಕಾಗಿದೆ. ಇಂಗ್ಲಿಷಿನ ಮೂಲಕ ದುಡಿದ ನಮ್ಮ ಹಿರಿಯ ಅನುವಾದಕರ ಕೊಡುಗೆಯನ್ನು ಗೌರವಿಸುತ್ತಲೇ, ನಮ್ಮ ಅನುವಾದ ಅಧ್ಯಯನಗಳು ಮೂಲಭಾಷೆಯ ಕಲಿಕೆಯ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಳ್ಳುವುದು ಅಗತ್ಯ. ರಷ್ಯನ್ ವ್ಯಾಕರಣದ ಹಲವು ಬಾಗಿಲುಗಳು ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಸುಲಭವಾಗಿ ತೆರೆದುಕೊಳ್ಳುತ್ತವೆ ಎಂಬುದು ಈ ದಿಸೆಯಲ್ಲಿ ನಮಗಿರುವ ಅನುಕೂಲ.